ಹ್ಯಾಟ್ ಕೆಳಗೆ ಮುಖ ಕಪ್ಪು

ಪ್ರಶ್ನೆ: ಸರ್, ನಾನಿರೋದು ಕೆನಡಾದ ಕ್ಯಾಲ್ಗರಿಲಿ. ಜುಲೈನಲ್ಲಿ ಇಲ್ಲಿನ ಕೌಬಾಯ್ ಜಾತ್ರೆ ಸ್ಟ್ಯಾಂಪೀಡ್‌ಗೆ ಹೋಗಿ ರೋಡಿಯೋ (ಹ್ಯಾಟ್ ಹಾಕಿದ ಸವಾರರು ಕೊಸರಾಡೋ ಕುದುರೆ, ಗೂಳಿ ಮೇಲೆ ಕೂರೋ ಆಟ) ಫೋಟೋ ತೆಗೆದೆ. ಮಧ್ಯಾಹ್ನ ಒಂದೂವರೆ, ಉರಿಬಿಸಿಲು. ಬಿಳಿ ಶರ್ಟೆಲ್ಲಾ ಸುಣ್ಣ, ಮುಖ ಮಾತ್ರ ಇದ್ದಿಲು. ಇರೋದು 70-300 ಲೆನ್ಸ್. ಹೊಸ ಕ್ಯಾಮೆರಾ ತಗೊಳ್ಳಾ?

ಉತ್ತರ: ಬೇಡ ಮಾರಾಯ್ರೆ, ದುಡ್ಡು ಇಟ್ಕೊಳ್ಳಿ. ತಪ್ಪು ಕ್ಯಾಮೆರಾದ್ದಲ್ಲ, ಹ್ಯಾಟಿಂದು. ನಿಮ್ಮೂರಲ್ಲಿ ಬೇಸಿಗೆಗೆ ಗಡಿಯಾರ ಒಂದ್ ಗಂಟೆ ಮುಂದಿಡ್ತಾರಲ್ಲ, ಹಾಗಾಗಿ ಆ ಒಂದೂವರೆನೇ ಹೆಚ್ಚುಕಮ್ಮಿ ನಿಜವಾದ ನಡುಮಧ್ಯಾಹ್ನ, ಸೂರ್ಯ ಆವತ್ತಿನ ಮಟ್ಟಿಗೆ ಎಷ್ಟು ಎತ್ತರಕ್ಕೆ ಹೋಗ್ಬೇಕೋ ಅಷ್ಟು ಎತ್ತರದಲ್ಲಿ ಕೂತಿರ್ತಾನೆ, ಹ್ಯಾಟ್ ಅಂಚಿನ ನೆರಳು ಸೀದಾ ಮೂಗಿನ ಮೇಲೆ.

ಮೊದ್ಲು ಆಟೋ ಬಿಟ್ಟು ಮ್ಯಾನುಯಲ್‌ಗೆ ಬನ್ನಿ. ಐಎಸ್‌ಒ 200, ಎಫ್ 5.6, ಶಟರ್ 1/1600. ಮೋಡ ಇಲ್ದಿದ್ರೆ ಇಷ್ಟೇ, ಕುದುರೆ ಬಣ್ಣ ಬದಲಾದ್ರೂ ಮುಟ್ಬೇಡಿ. ಆಟೋದಲ್ಲಿ ಕರಿ ಕುದುರೆ ಬಂದ್ರೆ ಕ್ಯಾಮೆರಾ ಮೋಸ ಹೋಗಿ ಬೆಳಕು ಜಾಸ್ತಿ ತಗೊಳ್ಳುತ್ತೆ, ಶರ್ಟ್ ಸುಣ್ಣ ಆಗೋದು ಅಲ್ಲೇ. ನಾನೂ ಕಂಬಳದಲ್ಲಿ ಕರಿ ಕೋಣ ನಂಬ್ಕೊಂಡು ಹಾರೋ ನೀರನ್ನೆಲ್ಲಾ ಬಿಳಿ ಬಟ್ಟೆ ಮಾಡ್ಕೊಂಡು ಬಂದವ್ನೇ. ಜೆಪೆಗ್ ಬಿಟ್ಟು ರಾ (RAW) ಫೈಲ್‌ನಲ್ಲೇ ತೆಗೀರಿ, ನೆರಳಿಂದ ಮುಖನ ಆಮೇಲೆ ಸ್ವಲ್ಪ ಎತ್ಬಹುದು, ಸುಟ್ಟೋದ ಬಿಳಿ ಮಾತ್ರ ವಾಪಸ್ ಬರಲ್ಲ. ಫ್ಲ್ಯಾಶ್ ವಿಷ್ಯ ಮರೆತ್ಬಿಡಿ, ಗ್ಯಾಲರಿಯಿಂದ ಅದು ತಲುಪೋದೇ ಇಲ್ಲ.

ಇನ್ನು ಯಾವ ಆಟದಲ್ಲಿ ಮುಖ ಸಿಗುತ್ತೆ ಅನ್ನೋದು. ಜೀನಿಲ್ದೆ ಕುದುರೆ ಮೇಲೆ ಕೂರೋ ಬೇರ್‌ಬ್ಯಾಕ್‌ನಲ್ಲಿ ಸವಾರ ಹಿಂದಕ್ಕೆ ಮಲಗ್ದಂಗೆ ಬಾಗ್ತಾನೆ, ಮುಖ ಆಕಾಶಕ್ಕೆ, ಬಿಸಿಲು ನೇರ ಬೀಳುತ್ತೆ. ಬುಲ್ ರೈಡಿಂಗ್‌ನಲ್ಲಿ ಗದ್ದ ಎದೆಗೆ ಒತ್ಕೊಂಡಿರ್ತಾನೆ, ಅಲ್ಲಿ ಮುಖದ ಆಸೆ ಬಿಟ್ಟು ಸೂರ್ಯನಿಗೆ ಎದುರಾಗಿ ನಿಂತು ಧೂಳು ಹಿಡೀರಿ, ಗೊರಸಿಂದ ಎದ್ದ ಮಣ್ಣಿಗೆ ಹಿಂದಿಂದ ಬೆಳಕು ಬಿದ್ರೆ ಅದ್ರ ಕಳೆನೇ ಬೇರೆ.

ಸವಾರಿ ಇರೋದೇ 8 ಸೆಕೆಂಡು. ಗೇಟ್ ತೆಗ್ಯೋಕ್ ಮುಂಚೆನೇ ಬಟನ್ ಒತ್ಕೊಂಡು ಕೂತ್ರೆ ಬಫರ್, ಅಂದ್ರೆ ಕಾರ್ಡಿಗೆ ಹೋಗೋ ಮುಂಚೆ ಫೋಟೋ ಕೂರೋ ಜಾಗ, ತುಂಬಿ ಒಳ್ಳೇ ಜಿಗಿತದ ಹೊತ್ತಿಗೆ ಕ್ಯಾಮೆರಾ ಮೂಕ. ಮೊದಲ ಜಿಗಿತಕ್ಕೆ ನಾಲ್ಕೈದು ಫ್ರೇಮ್, ಆಮೇಲೆ ಕುದುರೆ ಹಿಂಗಾಲು ಎತ್ತಿದಾಗೆಲ್ಲ ಎರಡೆರಡು ಸಾಕು.

ಬಝರ್ ಆದ್ಮೇಲೂ ಕ್ಯಾಮೆರಾ ಇಳಿಸ್ಬೇಡಿ. ಕುದುರೆ ಆಟದಲ್ಲಿ ಇಳಿಸ್ಕೊಳ್ಳೋಕೆ ಇನ್ನೊಂದ್ ಕುದುರೆ ಮೇಲೆ ಪಕ್ಕಕ್ಕೆ ಬಂದ ಪಿಕಪ್ ಸವಾರನ್ನ ತಬ್ಕೊಂಡು ಆಟಗಾರ ಇಳಿಯೋ ಹೊತ್ತಿಗೆ ಎಷ್ಟೋ ಸಲ ಹ್ಯಾಟ್ ಮಣ್ಣಲ್ಲಿ ಬಿದ್ದಿರುತ್ತೆ, ಬೆವರು ಧೂಳು ಮೆತ್ಕೊಂಡ ಪೂರ್ತಿ ಮುಖ ಆಗ ಸಿಗುತ್ತೆ ನೋಡಿ.