ಹೌದು, ಅಜ್ಜಿ ಕೇರಳದವರು. ಆದರೆ ಮಲಯಾಳಿ ಅಲ್ಲ

ಅಜ್ಜಿ ತೀರಿಹೋದರು ಅಂದಾಗ ಬೆಂಗಳೂರಿನ ಗೆಳೆಯರು ಮೊದಲು ವಯಸ್ಸು ಕೇಳಿದರು. ತೊಂಬತ್ತಾರು ಅಂದೆ. ಆಮೇಲೆ ಒಬ್ಬರು, "ಕಾಸರಗೋಡು ಕೇರಳ ಅಲ್ವಾ? ಪಾಪ, ಅಷ್ಟು ವರ್ಷ ಅಲ್ಲಿ ಹೇಗಿದ್ರು?" ಅಂದರು. ಆ 'ಪಾಪ'ಕ್ಕೆ ಉತ್ತರ ಇದು.

ಅಜ್ಜಿಯ ಮನೆ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಅವರು ಮದುವೆಯಾಗಿ ಬಂದಾಗ ಅದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳ. ಆಮೇಲೆ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಅಜ್ಜಿ ಮಾತ್ರ ಅದೇ ಅಡುಗೆಮನೆಯಲ್ಲಿ. ಯಾರಾದರೂ ಈ ವಿಷಯ ತೆಗೆದರೆ "ಆನು ಇದ್ದಲ್ಲೇ ಇದ್ದೆ" ಅಂದು ಒಲೆಗೆ ಸೌದೆ ತುರುಕುತ್ತಿದ್ದರು. ನಮ್ಮ ಮನೆಮಾತು ಹವ್ಯಕ ಕನ್ನಡ.

ಅಜ್ಜನ ಕಥೆ ಬೇರೆ. ಅವರಿಗೆ 1956 ಅಂದರೆ ಬದುಕಿನ ಕೊನೆಯವರೆಗೂ ಆರದ ಗಾಯ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣ ಇದೆ ಅಂದರೆ ನಡೆದಾದರೂ ಹೋಗುವವರು. 1967ರಲ್ಲಿ ಗಡಿ ವಿವಾದದ ಬಗ್ಗೆ ಬಂದ ಮಹಾಜನ್ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತಲ್ಲ, ನಮ್ಮ ಮನೆ ಆ ಉತ್ತರದಲ್ಲೇ ಇದೆ. ಅದು ಜಾರಿಯಾಗಲೇ ಇಲ್ಲ. ಆ ಸುದ್ದಿ ಬಂದ ಪೇಪರನ್ನು ಅಜ್ಜ ಟ್ರಂಕಿನಲ್ಲಿಟ್ಟಿದ್ದರು. ಅದರ ಮೇಲೆಯೇ ಅಜ್ಜಿ ಮಡಿ ಸೀರೆ ಇಡುತ್ತಿದ್ದರು. ಜಗಳವೇನೂ ಆಗಲಿಲ್ಲ. ಇಬ್ಬರಿಗೂ ಟ್ರಂಕ್ ಒಂದೇ ಇತ್ತು, ಅಷ್ಟೇ.

ಅಜ್ಜಿಯ ದಿನ ನಾಲ್ಕು ಭಾಷೆಯಲ್ಲಿ ಸಾಗುತ್ತಿತ್ತು. ಮನೆಯೊಳಗೆ ಹವ್ಯಕ. ತೋಟಕ್ಕೆ ಬಂದವರ ಹತ್ತಿರ ತುಳು, "ಒಣಸ್ ಆಂಡಾ?" ಅಂತ ಊಟದ ವಿಚಾರಣೆಯಿಂದಲೇ ಶುರು. ಪಕ್ಕದ ಮನೆಯ ಟೀಚರ್ ಹತ್ತಿರ ಮಲಯಾಳ, ವ್ಯಾಕರಣ ಗಾಳಿಗೆ ಬಿಟ್ಟು. ಪೇಪರ್ ಓದುವುದು, ಮಂಗಳೂರು ಆಕಾಶವಾಣಿ ಕೇಳುವುದು, ದೇವರ ಹಾಡು ಎಲ್ಲ ನೀವು ಓದುತ್ತಿರುವ ಈ ಕನ್ನಡದಲ್ಲಿ. ಇದರಲ್ಲಿ ದೊಡ್ಡ ಸಾಧನೆಯೇನಿಲ್ಲ. ನಮ್ಮ ಕಡೆ ಅಂಗಡಿಯವರಿಗೂ ಬಸ್ ಕಂಡಕ್ಟರಿಗೂ ಇಷ್ಟು ಬರುತ್ತದೆ.

ಅವರ ನಿಜವಾದ ಹಬ್ಬ ಅಂದರೆ ಹಲಸಿನ ಹಪ್ಪಳ. ಏಪ್ರಿಲ್, ಮೇ ಬಿಸಿಲಿಗೆ. ಚೆನ್ನಾಗಿ ಬೆಳೆದು ಇನ್ನೂ ಹಣ್ಣಾಗದ ಕಾಯಿಯೇ ಆಗಬೇಕು. ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಬೇಕು, ಇಲ್ಲದಿದ್ದರೆ ಮೇಣ ಎರಡು ದಿನ ಬಿಡುವುದಿಲ್ಲ. ಬೇಯಿಸಿ, ಉಪ್ಪು ಮೆಣಸು ಹಾಕಿ, ಒರಳಲ್ಲಿ ಗುದ್ದಿ ಉಂಡೆ ಮಾಡುವುದು. ಪ್ಲಾಸ್ಟಿಕ್ ಹಾಳೆ ಬರುವ ಮೊದಲು ಬಾಳೆ ಎಲೆಯ ನಡುವೆ ಇಟ್ಟು ಮಣೆಯಿಂದ ಒತ್ತುತ್ತಿದ್ದರು. ಆ ದಿನ ಟೀಚರ್ ಬರುತ್ತಿದ್ದರು, ತೋಟದ ಕೆಲಸದ ಹೆಂಗಸರೂ ಬರುತ್ತಿದ್ದರು. ಅಜ್ಜಿ ಪ್ರತಿ ಹಪ್ಪಳವನ್ನೂ ಬೆಳಕಿಗೆ ಹಿಡಿದು ನೋಡುವರು. ದಪ್ಪ ಕಂಡರೆ "ಇದು ದೋಸೆ" ಅಂತ ವಾಪಸ್ ಉಂಡೆ ಮಾಡಿಸುವರು. ಕಾಗೆ ಓಡಿಸುವ ಕೆಲಸ ನಮಗೆ, ಅಂದರೆ ಪುಳ್ಳಿಯಂದಿರಿಗೆ (ಮೊಮ್ಮಕ್ಕಳಿಗೆ). ಸಂಬಳ, ಒಣಗುವ ಮೊದಲೇ ಕದ್ದು ತಿಂದ ಹಸಿ ಹಪ್ಪಳ.

ನೀರಿನ ವಿಷಯವನ್ನೂ ಹೇಳಬೇಕು, ಹೊರಗಿನವರಿಗೆ ಇದು ಗೊತ್ತಿರುವುದು ಕಮ್ಮಿ. ಮನೆ ಹಿಂದಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದಿದ್ದಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ. ಕೆಂಪುಕಲ್ಲಿನ ಗುಡ್ಡದೊಳಗೆ ಇಂಗಿದ ಮಳೆನೀರು ಅದರಲ್ಲಿ ತಾನಾಗಿಯೇ ಹರಿದು ಬರುತ್ತದೆ, ಪಂಪ್ ಬೇಡ. ನಮ್ಮದು ಬೇಸಿಗೆಯಲ್ಲೂ ಸಣ್ಣಗೆ ಹರಿಯುತ್ತಿತ್ತು. ಬಾವಿ ಬತ್ತಿದ ಮನೆಯವರು ಕೊಡ ಹಿಡಿದು ಬರುತ್ತಿದ್ದರು. ಯಾರು ಬಂದರೂ ಅಜ್ಜಿ "ಆಸರಿಂಗೆ ಎಂತ ಬೇಕು?" ಅಂತ ಕೇಳಿ, ಬೆಲ್ಲ ನೀರು ಕೊಟ್ಟೇ ಕಳಿಸುವುದು. ಹಾಗಾಗಿ ಊರಿನ ಸುದ್ದಿಯೆಲ್ಲ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೇ. ಅವರ ಖುಷಿಯ ಅರ್ಧ ಪಾಲು ಅಲ್ಲೇ ಇತ್ತು ಅಂತ ನನಗೆ ಗುಮಾನಿ.

ಹಾಗಂತ ಗಡಿಯಿಂದ ತೊಂದರೆಯೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ ಕಾನೂನೇ ಹೇಳುತ್ತದೆ. ಆದರೂ ಕೌಂಟರಿನಲ್ಲಿ ಸಿಗುವುದು ಮಲಯಾಳದ ಫಾರ್ಮು. ಅಜ್ಜಿ ಅದನ್ನು ಟೀಚರ್ ಕೈಗೆ ಕೊಟ್ಟು, ಬದಲಿಗೆ ಹಪ್ಪಳದ ಡಬ್ಬ ಕಳಿಸಿ ಮರೆತುಬಿಡುತ್ತಿದ್ದರು. ಕಚೇರಿಗೆ ಅಲೆದವರು ಅಪ್ಪ. ಈ ವಿಷಯದಲ್ಲಿ ನಾನು ಅಪ್ಪನ ಪಕ್ಷ. ಎಲ್ಲರ ಪಕ್ಕದಲ್ಲೂ ಒಬ್ಬರು ಟೀಚರ್ ಇರುವುದಿಲ್ಲವಲ್ಲ.

2020ರ ಲಾಕ್‌ಡೌನ್ ಇನ್ನೂ ಕಹಿ. ನಮ್ಮವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಆಗ ಕರ್ನಾಟಕದ ಗಡಿ ಮುಚ್ಚಿತು, ಎಷ್ಟೋ ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆ ಸಿಗದೆ ಜೀವ ಕಳೆದುಕೊಂಡವರಿದ್ದಾರೆ. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಜ್ಜಿಯ ಬಿಪಿ ಮಾತ್ರೆ ಮುಗಿಯುತ್ತಾ ಬಂದಿತ್ತು. ಕಾಸರಗೋಡಿನಲ್ಲೇ ಬೇರೆ ಕಂಪನಿಯದ್ದು ಸಿಕ್ಕಿತು. "ಬಣ್ಣ ಚೆಂದ ಇಲ್ಲೆ" ಅಂತ ಗೊಣಗಿ ನುಂಗಿದರು. ಕನ್ನಡದವರೇ ಕನ್ನಡದವರಿಗೆ ದಾರಿ ಮುಚ್ಚಿದ್ದನ್ನು ಅಜ್ಜ ನೋಡಲಿಲ್ಲವಲ್ಲ, ಅದೊಂದು ಒಳ್ಳೆಯದಾಯಿತು.

ಹೋದದ್ದು ಒಂದು ಮಧ್ಯಾಹ್ನ, ಗಂಜಿ ಊಟ ಮಾಡಿ, ಎಲೆ ಅಡಿಕೆ ಕುಟ್ಟಿಸಿಕೊಂಡು ಹಾಕಿ, ಮಲಗಿದಲ್ಲೇ. ನರಳಲಿಲ್ಲ.

ವೈಕುಂಠ ಸಮಾರಾಧನೆಯ ಕಾಗದ ಕನ್ನಡದಲ್ಲಿತ್ತು. ಅದನ್ನು ಓದಲು ಬಾರದವರಿಗೆ ಅಣ್ಣ ಮಲಯಾಳದಲ್ಲಿ ವಾಟ್ಸಾಪ್ ವಾಯ್ಸ್ ಕಳಿಸಿದ. ವೀಳ್ಯದೆಲೆ ಕೊಡುತ್ತಿದ್ದ ಬ್ಯಾರಿ ಅಂಗಡಿಯವರು ಅಂಗಡಿ ಮುಚ್ಚಿ ಬಂದರು. ತೋಟದ ಹೆಂಗಸರು ಬೆಳಗ್ಗೆಯೇ ಬಂದು ತರಕಾರಿ ಹೆಚ್ಚಲು ಕೂತರು. ಟೀಚರ್ ಮಗಳ ಕೈ ಹಿಡಿದುಕೊಂಡು ಬಂದರು. ಊಟಕ್ಕೆ ಜನ ಅಂದಾಜಿಗಿಂತ ಜಾಸ್ತಿಯಾಗಿ ಪಾಯಸಕ್ಕೆ ಹಾಲು ಸೇರಿಸಬೇಕಾಯಿತು. ಅಜ್ಜಿ ಇದ್ದಿದ್ದರೆ ಹೀಗೆ ನೀರಾಗಲು ಬಿಡುತ್ತಿರಲಿಲ್ಲ ಅಂತ ನಾಲ್ಕು ಭಾಷೆಯಲ್ಲೂ ದೂರು ಬಂತು.