ಅಂತರರಾಷ್ಟ್ರೀಯ ಸಂಬಂಧಗಳ ಓದಿಗೆ ವಿದ್ಯಾರ್ಥಿವೇತನ ಸಿಗುತ್ತದೆಯೇ?

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಸ್ನಾತಕೋತ್ತರ ಪದವಿ ಓದುವ ಆಸೆಯಿದೆ, ಹಣದ ದಾರಿ ಕಾಣುತ್ತಿಲ್ಲ, ಈ ವಿಷಯಕ್ಕೆಂದೇ ವಿದ್ಯಾರ್ಥಿವೇತನಗಳಿವೆಯೇ ಎಂದು ನೀವು ಕೇಳಿದ್ದೀರಿ. ಇವೆ. ಆದರೆ ಆ ಒಂದೇ ಹೆಸರಿನಡಿ ಹುಡುಕಿದರೆ ಕೈಗೆ ಸಿಗುವುದು ಸ್ವಲ್ಪವೇ. ಸಾರ್ವಜನಿಕ ನೀತಿ, ಶಾಂತಿ ಅಧ್ಯಯನ, ಪ್ರಾದೇಶಿಕ ಅಧ್ಯಯನ ಮತ್ತು ವಿದೇಶಿ ಭಾಷೆಗಳ ಕಲಿಕೆ ಎಂಬ ಹೆಸರುಗಳಲ್ಲಿಯೂ ಹುಡುಕಬೇಕು. ಉದಾಹರಣೆಗೆ, ರೋಟರಿ ಶಾಂತಿ ಫೆಲೋಶಿಪ್‌ನ ಹೆಸರಿನಲ್ಲಿ ನಿಮ್ಮ ವಿಷಯದ ಸುಳಿವೇ ಇಲ್ಲ. ಆದರೂ ಸಂಘರ್ಷ ಪರಿಹಾರದಲ್ಲಿ ಆಸಕ್ತಿಯಿರುವವರಿಗೆ ಅದು ಹೇಳಿಮಾಡಿಸಿದಂತಿದೆ.

ಅರ್ಜಿ ಬರೆಯುವವರಿಗೆ ನಾನು ಮೊದಲು ಹೇಳುವ ಮಾತೆಂದರೆ, ಹಣ ಕೊಡುವವರ ಉದ್ದೇಶವನ್ನು ತಿಳಿದುಕೊಳ್ಳಿ. ಈ ಕ್ಷೇತ್ರದ ದೊಡ್ಡ ವಿದ್ಯಾರ್ಥಿವೇತನಗಳಲ್ಲಿ ಅನೇಕವನ್ನು ಸರ್ಕಾರಗಳೇ ನಡೆಸುತ್ತವೆ, ಹಾಗಾಗಿ ಅವುಗಳಿಗೆ ಷರತ್ತುಗಳೂ ಇರುತ್ತವೆ. 1983ರಲ್ಲಿ ಆರಂಭವಾದ ಬ್ರಿಟನ್ ಸರ್ಕಾರದ ಚೀವ್ನಿಂಗ್, ಒಂದು ವರ್ಷದ ಸ್ನಾತಕೋತ್ತರ ಓದಿನ ಖರ್ಚನ್ನು ಭರಿಸುತ್ತದೆ. ಅದಕ್ಕೆ ಸುಮಾರು ಎರಡು ವರ್ಷಗಳ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷಗಳಿಗೆ ಸ್ವದೇಶಕ್ಕೆ ಮರಳಬೇಕು. ಅಮೆರಿಕದ ಪ್ರಜೆಗಳಿಗೆ ಮಾತ್ರ ಮೀಸಲಾದ ಪಿಕರಿಂಗ್ ಮತ್ತು ರೇಂಜಲ್ ಫೆಲೋಶಿಪ್‌ಗಳನ್ನು ಪಡೆದವರು ಕನಿಷ್ಠ ಐದು ವರ್ಷ ಅಲ್ಲಿನ ವಿದೇಶಾಂಗ ಸೇವೆಯಲ್ಲಿ ದುಡಿಯಬೇಕು. ರಾಜತಾಂತ್ರಿಕರಾಗಲು ಹೊರಟವರಿಗೆ ಇದು ವರವೇ ಸರಿ. ಸಂಶೋಧನೆಯತ್ತ ಮನಸ್ಸಿರುವವರು ಮಾತ್ರ ಸಹಿ ಹಾಕುವ ಮುನ್ನ ಯೋಚಿಸಬೇಕು. ಯೂರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಪದವಿಗಳಲ್ಲಿ ಶುಲ್ಕದ ಜೊತೆಗೆ ತಿಂಗಳಿಗೆ 1,400 ಯೂರೋ ದೊರೆಯುತ್ತದೆ, ಓದು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ಈ ವಿಷಯದ ವಿದ್ಯಾರ್ಥಿಗೆ ಅದೇ ಒಂದು ಶಿಕ್ಷಣ ಎಂಬುದು ನನ್ನ ಅಭಿಪ್ರಾಯ. ಫ್ರಾನ್ಸಿನ ಐಫೆಲ್ ವಿದ್ಯಾರ್ಥಿವೇತನಕ್ಕೆ ನೀವು ನೇರವಾಗಿ ಅರ್ಜಿ ಹಾಕುವಂತಿಲ್ಲ, ಪ್ರವೇಶ ಕೋರಿದ ಸಂಸ್ಥೆಯೇ ನಿಮ್ಮ ಹೆಸರನ್ನು ಕಳುಹಿಸಬೇಕು. ಆದ್ದರಿಂದ ಆ ಸಂಸ್ಥೆಗೆ ಬೇಗನೆ ಬರೆಯಿರಿ.

ಬಹಳ ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಖರ್ಚಿದೆ. ಈ ಕ್ಷೇತ್ರದಲ್ಲಿ ಇಂಟರ್ನ್‌ಶಿಪ್ ಇಲ್ಲದೆ ಮುಂದಿನ ಬಾಗಿಲು ತೆರೆಯುವುದು ಕಷ್ಟ, ಆದರೆ ವಿಶ್ವಸಂಸ್ಥೆಯ ಸಚಿವಾಲಯವು ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ನ್ಯೂಯಾರ್ಕ್ ಅಥವಾ ಜಿನೀವಾದಂತಹ ದುಬಾರಿ ನಗರಗಳಲ್ಲಿ ವಸತಿ, ಪ್ರಯಾಣ, ವೀಸಾ ಎಲ್ಲವನ್ನೂ ವಿದ್ಯಾರ್ಥಿಯೇ ನೋಡಿಕೊಳ್ಳಬೇಕಾಗುತ್ತದೆ. ಹಣವಿದ್ದವರಿಗಷ್ಟೇ ಅನುಭವ ದಕ್ಕುವ ಈ ಪದ್ಧತಿ ಅನ್ಯಾಯದ್ದೆಂದು ನಾನು ನಂಬಿದ್ದೇನೆ. ಆದ್ದರಿಂದ ಇಂಟರ್ನ್‌ಶಿಪ್ ಅವಧಿಯಲ್ಲಿ ವಿದ್ಯಾರ್ಥಿವೇತನ ಮುಂದುವರಿಯುವುದೇ, ಅದಕ್ಕೆ ಪ್ರತ್ಯೇಕ ಅನುದಾನವಿದೆಯೇ ಎಂಬುದನ್ನು ಪ್ರವೇಶ ಒಪ್ಪಿಕೊಳ್ಳುವ ಮೊದಲೇ ವಿಭಾಗಕ್ಕೆ ಬರೆದು ಕೇಳಿ.

ಭಾಗಶಃ ಶುಲ್ಕ ವಿನಾಯಿತಿ ಸಿಕ್ಕರೆ, ಅದನ್ನೇ ಅಂತಿಮವೆಂದು ಭಾವಿಸಬೇಡಿ. ಬೇರೆ ವಿಶ್ವವಿದ್ಯಾಲಯ ಹೆಚ್ಚಿನ ನೆರವು ನೀಡಿದ್ದರೆ ಅದರ ಪತ್ರವನ್ನು ಲಗತ್ತಿಸಿ, ಉಳಿದ ಕೊರತೆಯನ್ನು ಅಂಕಿಗಳಲ್ಲಿ ತೋರಿಸಿ, ಮರುಪರಿಶೀಲನೆ ಕೋರಬಹುದು. ವಿನಯದಿಂದ ಕೇಳಿದ ಮಾತ್ರಕ್ಕೆ ಪ್ರವೇಶವನ್ನು ಹಿಂತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಕೊನೆಯ ದಿನಾಂಕಗಳು ಓದು ಆರಂಭವಾಗುವುದಕ್ಕೆ ಹತ್ತು–ಹನ್ನೆರಡು ತಿಂಗಳ ಮೊದಲೇ ಬರುವುದುಂಟು, ಶಿಫಾರಸು ಪತ್ರಗಳಿಗಾಗಿ ಅಧ್ಯಾಪಕರನ್ನು ಈಗಲೇ ಕಾಣಿರಿ.