ನೀವು ಊಟ ಮಾಡಿಸುತ್ತಿರುವುದು ಯಾರಿಗೆ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ 'ನಾನು' ಅಂದರೆ ಏನು ಎಂಬ ಲೇಖನ ಓದಿದೆ. ಮೆದುಳಿನ ತಜ್ಞರದ್ದು ಒಂದು ಉತ್ತರ, ಮನಶ್ಶಾಸ್ತ್ರದವರದ್ದು ಇನ್ನೊಂದು, ಸಮಾಜಶಾಸ್ತ್ರದವರದ್ದು ಮತ್ತೊಂದು. ನನ್ನ ಅಮ್ಮನಿಗೆ 79 ವರ್ಷ. ಪ್ರೈಮರಿ ಶಾಲೆಯ ಟೀಚರ್ ಆಗಿದ್ದರು. ನಾಲ್ಕು ವರ್ಷದಿಂದ ಡಿಮೆನ್ಶಿಯಾ. ಈಗ ನನ್ನನ್ನೇ 'ನೀನು ಯಾರ ಮಗಳಮ್ಮಾ?' ಅಂತ ಕೇಳುತ್ತಾರೆ. 'ನಿನ್ನ ಮಗಳೇ' ಅಂದರೆ ಮುಖ ಸಪ್ಪಗಾಗುತ್ತದೆ. ಆದರೆ ಮಲ್ಲಿಗೆ ಮೊಗ್ಗು ಕೊಟ್ಟರೆ ಈಗಲೂ ಸರಸರ ಕಟ್ಟುತ್ತಾರೆ. ನಿಮ್ಮ ಲೇಖನದಲ್ಲಿ ಅಷ್ಟೊಂದು ಉತ್ತರಗಳಿವೆ. ನಾನು ದಿನಾ ಊಟ ಮಾಡಿಸುತ್ತಿರುವುದು ಯಾರಿಗೆ ಎಂಬುದು ಮಾತ್ರ ಇಲ್ಲ."
— ಓದುಗರೊಬ್ಬರು, ಹನುಮಂತನಗರ, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನೀವು ಹೇಳಿದ್ದು ಸರಿ. ಒಂದೊಂದು ಶಾಸ್ತ್ರಕ್ಕೆ ಒಂದೊಂದು ಪ್ಯಾರಾ ಕೊಟ್ಟು ಸಾಲಾಗಿ ಕೂರಿಸಿದ್ದೆವು. ಮನೆಯೊಳಗೆ ಇಂಥ ಕಷ್ಟ ಬಂದಾಗ ಅವುಗಳಲ್ಲಿ ಯಾವುದು ಕೈಗೆ ಸಿಗುತ್ತದೆ ಅಂತ ಯೋಚಿಸಿರಲಿಲ್ಲ. ನಿಮ್ಮ ಅಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಮ್ಮೆ ಬರೆಯುತ್ತೇನೆ.

ನೆನಪು ಹೋದರೆ ಆ ಮನುಷ್ಯರೇ ಹೋದಂತೆ ಎಂಬ ಭಯ ನಿಮ್ಮ ಪತ್ರದ ತುಂಬ ಇದೆ. ಈ ಯೋಚನೆಗೆ ತತ್ವಶಾಸ್ತ್ರದಲ್ಲಿ ಒಂದು ಹುಟ್ಟೂರು ಇದೆ. ಇಂಗ್ಲೆಂಡಿನ ಜಾನ್ ಲಾಕ್ 1694ರಲ್ಲಿ ಹೆಚ್ಚುಕಡಿಮೆ ಹೀಗೆ ವಾದಿಸಿದ: ನನ್ನ ಅರಿವು ಹಿಂದೆ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ನಾನು. 1785ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ರೀಡ್ ಅದಕ್ಕೆ ಒಂದು ಕತೆಯಲ್ಲೇ ಉತ್ತರ ಕೊಟ್ಟ. ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಏಟು ತಿಂದ. ಬೆಳೆದು ಸೈನ್ಯ ಸೇರಿ ಶತ್ರುವಿನ ಬಾವುಟ ಕಿತ್ತುಕೊಂಡ. ಮುದುಕನಾದಾಗ ಅವನು ಜನರಲ್. ಬಾವುಟ ಕಿತ್ತ ದಿನ ಅವನಿಗೆ ಏಟಿನ ನೆನಪಿತ್ತು. ಜನರಲ್ ಆದಾಗ ಬಾವುಟದ ನೆನಪಿತ್ತು, ಏಟಿನ ನೆನಪು ಪೂರ್ತಿ ಅಳಿಸಿಹೋಗಿತ್ತು. ಹಾಗಾದರೆ ಆ ಹುಡುಗ ಬೇರೆ, ಈ ಜನರಲ್ ಬೇರೆಯಾ? ನನಗೆ ರೀಡ್ ಮಾತೇ ಸರಿ ಅನ್ನಿಸುತ್ತದೆ. ಮೂರನೇ ವಯಸ್ಸಿನಲ್ಲಿ ನಿಮಗೆ ತುತ್ತು ತಿನ್ನಿಸಿದ್ದು ನಿಮಗೂ ನೆನಪಿಲ್ಲ, ಅಲ್ವಾ? ಆದರೂ ತುತ್ತು ತಿಂದವರು ನೀವೇ.

ಮೆದುಳಿನ ವಿಜ್ಞಾನದಿಂದ ನಿಮ್ಮ ಮಲ್ಲಿಗೆಗೆ ಒಂದು ಉತ್ತರ ಸಿಗುತ್ತದೆ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲು ಆಪರೇಷನ್ ಮಾಡಿದರು. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಮೆದುಳಿನ ಎರಡೂ ಕಡೆ, ದೊಡ್ಡ ಪಾಲು ಹೋಯಿತು. ಅಲ್ಲಿಂದ ಮುಂದೆ ನಡೆದದ್ದು ಹೆಚ್ಚುಕಡಿಮೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಹಿಂದೆ ಯಾವತ್ತೂ ಅದನ್ನು ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ. ಕೈ ಕಲಿಯುವ ಜಾಗ ಬೇರೆ, ನಡೆದದ್ದನ್ನು ನೆನೆಯುವ ಜಾಗ ಬೇರೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ. ಎಷ್ಟೋ ಡಿಮೆನ್ಶಿಯಾಗಳಲ್ಲಿ ಹೆಸರು, ಮುಖ ಮೊದಲು ಜಾರುತ್ತವೆ. ಕೈಯ ಪಾಠ ಅದಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ. ದಾರ ಸುತ್ತಿ ಗಂಟು ಬಿಗಿಯುವ ಆ ಬೆರಳುಗಳಲ್ಲಿ ಇರುವುದು ನಿಮ್ಮ ಅಮ್ಮನೇ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನಾನು ಹಿಡಿದಿದ್ದೇನೆ. ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ. ಇದು ಯಾರ ಮೆದುಳೋ, ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರೋ ಎಂಬ ಯೋಚನೆ ಬಂತು. ಅದು ಆ ಮೆದುಳನ್ನು ಎಷ್ಟು ನೋಡಿದರೂ ತಿಳಿಯುವಂಥದ್ದಲ್ಲ.

ಆತ್ಮಕ್ಕೆ ಮರೆವಿಲ್ಲ ಅಂತ ಯಾರಾದರೂ ನಿಮಗೆ ಸಮಾಧಾನ ಹೇಳಿರಬಹುದು. ಆ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಅದ್ವೈತದ ಆತ್ಮ ಎಲ್ಲರಲ್ಲೂ ಒಂದೇ. ನೀವು ಹುಡುಕುತ್ತಿರುವುದು ಎಲ್ಲರಲ್ಲೂ ಇರುವುದನ್ನಲ್ಲ, ನಿಮ್ಮ ಅಮ್ಮನೊಬ್ಬರಲ್ಲೇ ಇದ್ದದ್ದನ್ನು.

ನಮ್ಮ ಮಾತನ್ನೇ ನೋಡಿ. ಕನ್ನಡದಲ್ಲಿ 'ನಾನು ಓದಿದೆ', 'ನಾನು ನಡೆದೆ' ಅನ್ನುತ್ತೇವೆ. ಆದರೆ ಹಸಿವು, ಭಯ, ನೆನಪು ಬಂದಾಗ 'ನನಗೆ' ಅನ್ನುತ್ತೇವೆ. ನನಗೆ ಹಸಿವಾಯಿತು, ನನಗೆ ನೆನಪಾಯಿತು. ನೆನಪು ಅಂದರೆ ನಮ್ಮ ಹತ್ತಿರ ಬಂದು ಹೋಗುವ ನೆಂಟ. ನೆಂಟ ಬರುವುದು ನಿಂತರೂ ಬಾಗಿಲು ಇರುತ್ತದೆ. ಇದು ವ್ಯಾಕರಣ ಮಾತ್ರ, ಸಾಕ್ಷಿಯಲ್ಲ ಅಂತ ನನಗೂ ಗೊತ್ತು. ಆದರೆ ಹೀಗೆ ಮಾತಾಡುವ ಜನ ನೆನಪೇ ನಾನು ಅಂತ ಅಷ್ಟು ಬೇಗ ಒಪ್ಪಬೇಕಿಲ್ಲ.

ನಿಮಗೆ ಜಾಸ್ತಿ ಕೆಲಸಕ್ಕೆ ಬರುವುದು ಬ್ರಿಟನ್ನಿನ ಟಾಮ್ ಕಿಟ್‌ವುಡ್ ಅವರ ಮಾತು. ಬ್ರಾಡ್‌ಫರ್ಡ್‌ನಲ್ಲಿ ಡಿಮೆನ್ಶಿಯಾ ಇರುವವರನ್ನು ವರ್ಷಗಟ್ಟಲೆ ಗಮನಿಸಿದ ಮನಶ್ಶಾಸ್ತ್ರಜ್ಞ ಅವರು. ಒಬ್ಬರು 'ವ್ಯಕ್ತಿ' ಅನ್ನಿಸಿಕೊಳ್ಳುವುದು ಇತರರು ಸಂಬಂಧದಲ್ಲಿ ಕೊಡುವ ಒಂದು ಸ್ಥಾನ ಅಂತ 1997ರಲ್ಲಿ ಬರೆದರು. ಕೊಡುವುದಾದರೆ ಕಿತ್ತುಕೊಳ್ಳಲೂಬಹುದು. ಹೇಗೆ ಕಿತ್ತುಕೊಳ್ಳುತ್ತೇವೆ ಅಂತಲೂ ಅವರು ಪಟ್ಟಿ ಮಾಡಿದ್ದಾರೆ. ಎದುರಿಗೇ ಕೂತಿದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು. ಮಕ್ಕಳಂತೆ ಗದರುವುದು. ಅವರ ಕೈಲಾಗದ ವೇಗದಲ್ಲಿ ಊಟ ಮುಗಿಸುವುದು. ಇದನ್ನು ಓದಿದಾಗ ನನ್ನ ಎದೆ ಹಿಂಡಿತು. ನಮ್ಮಜ್ಜಿಯ ಕೊನೆಯ ದಿನಗಳಲ್ಲಿ ಅವರ ಮಂಚದ ಪಕ್ಕದಲ್ಲೇ ನಿಂತು 'ಅವರಿಗೇನೂ ತಿಳಿಯಲ್ಲ ಬಿಡಿ' ಅಂದವರಲ್ಲಿ ನಾನೂ ಒಬ್ಬ.

ಇನ್ನು ಊಟ. ಶಿಕಾಗೋದ ಮಾನವಶಾಸ್ತ್ರಜ್ಞ ಮೆಕಿಮ್ ಮ್ಯಾರಿಯಟ್ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಯಾರ ಕೈಯ ಅಡುಗೆ ಯಾರು ತಿನ್ನುತ್ತಾರೆ ಅಂತ ಗಮನಿಸಿದವರು. ನಮ್ಮ ಕಡೆಯ ಮನುಷ್ಯ ಒಡೆಯಲಾಗದ ಗಟ್ಟಿ ಕಾಳಲ್ಲ, ಕೊಟ್ಟು ತೆಗೆದುಕೊಂಡು ಒಬ್ಬರೊಳಗೊಬ್ಬರು ಬೆರೆಯುವವನು ಅಂತ 1976ರಲ್ಲಿ ವಾದಿಸಿದರು. ಇದೇ ಎಣಿಕೆಯಿಂದ ಪಂಕ್ತಿಭೇದವೂ ಹುಟ್ಟಿದೆ. ಅದಕ್ಕೇ ಇದನ್ನು ಕಣ್ಣುಮುಚ್ಚಿ ಹೊಗಳಲಾರೆ. ಆದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನು ಇದರಷ್ಟು ಹತ್ತಿರದಿಂದ ಬೇರೆ ಯಾವುದೂ ಹೇಳುವುದಿಲ್ಲ. ನಿಮಗೆ ನೆನಪಿಲ್ಲದ ಆ ತುತ್ತುಗಳು ನಿಮ್ಮ ಮೈಯಾಗಿವೆ. ಈಗ ತುತ್ತು ಆ ಕಡೆಗೆ ಹೋಗುತ್ತಿದೆ.

ಹಾಗಾಗಿ ನನ್ನ ಉತ್ತರ: ನೀವು ಊಟ ಮಾಡಿಸುತ್ತಿರುವುದು ನಿಮ್ಮ ಅಮ್ಮನಿಗೇ. ಕಳೆದುಹೋಗಿರುವುದು ಕಡಿಮೆಯೇನಲ್ಲ. ನಿಮ್ಮನ್ನು ನಿಮ್ಮ ಹೆಸರಿನಿಂದ ಕರೆಯುತ್ತಿದ್ದ ಅಮ್ಮ ಇಲ್ಲ. ಅದಕ್ಕೆ ಅಳು ಬಂದರೆ ಅತ್ತುಬಿಡಿ. ದಣಿವಾದಾಗ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಒಬ್ಬರೇ ಹೊರಬೇಡಿ.

ಮತ್ತೆ 'ಯಾರ ಮಗಳಮ್ಮಾ?' ಅಂತ ಕೇಳಿದರೆ 'ಟೀಚರಮ್ಮನ ಮಗಳು' ಅನ್ನಿ. ಅದು ನಿಜವೇ. 'ನಾನು ಮರೆತೆನಲ್ಲ' ಎಂಬ ನಾಚಿಕೆ ಅವರಿಗಾಗುವುದಿಲ್ಲ. ಯಾವ ಶಾಲೆ ಅಂತ ಕೇಳಿದರೂ ಕೇಳಬಹುದು. ಹೇಳಿ, ಗೋಡೆಯ ಬಣ್ಣ, ಬೆಲ್ಲು, ಮಕ್ಕಳ ಗಲಾಟೆ ಎಲ್ಲ ಹೇಳಿ.

ಗಾಂಧಿ ಬಜಾರಿಗೆ ಹೋದಾಗ ಕಟ್ಟಿದ ಹೂ ಮೊಳ ಹಾಕಿಸಿಕೊಳ್ಳಬೇಡಿ. ಬಿಡಿ ಮೊಗ್ಗು ಕೇಳಿ.